ಬಿಸಿನೆಲದ ಹುಲ್ಲು, ಅತ್ತಿಗೆಯ ಇಸ್ತ್ರಿ

ಜನವರಿ 6

ಇವತ್ತೂ ಹಕ್ಕಿಕಾಲಿನ ಜೊತೆ ಜಗಳ. ಹಕ್ಕಿಕಾಲು ಅಂದರೆ ನಮ್ಮ ಸಸ್ಯವಿಭಾಗದ ಮುಖ್ಯಸ್ಥರು, ಹೆಸರಿಟ್ಟವಳು ನಾನೇ. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸಿದ್ಧಾಂತ ಬರೆದು ಇಲ್ಲಿಯವರೆಗೂ ಅದರ ಮೇಲೇ ಕೂತಿದ್ದಾರೆ. ನೆಲದಡಿಯ ಕಾವಿನಿಂದ ಸುಡುವ ಜಾಗ ಲೋಕದಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆಳೆಯುವ ಹುಲ್ಲು ಒಂದೇ ವಂಶದ್ದಂತೆ. ಹಕ್ಕಿಗಳ ಕಾಲಿಗೆ ಅಂಟಿಕೊಂಡು ಒಂದು ಬಿಸಿನೆಲದಿಂದ ಇನ್ನೊಂದು ಬಿಸಿನೆಲಕ್ಕೆ ಹೋಯಿತಂತೆ. ಹುಲ್ಲಿಗೂ ಒಂದು ರಾಜವಂಶ!

"ನಮ್ಮ ಇಳಿಜಾರಿನ ಹುಲ್ಲು ಎಲ್ಲಿಂದಲೂ ಬಂದದ್ದಲ್ಲ ಸಾರ್. ಕೆಳಗೆ ಬುಡದಲ್ಲಿ ಸುಮ್ಮನೆ ಬೆಳೆದಿದೆಯಲ್ಲ, ಆ ಸಾಮಾನ್ಯ ಹುಲ್ಲೇ ಮೇಲೆ ಹತ್ತಿ, ಕಾವು ತಿಂದು ತಿಂದು ಬೇರೆಯಾಗಿದೆ," ಅಂದೆ.

"ಸಾಕ್ಷಿ?"

"ತರ್ತೀನಿ."

"ತನ್ನಿ. ಗಂಟಲು ಸಾಕ್ಷಿ ಅಲ್ಲಮ್ಮ, ಅದು ಮೆರವಣಿಗೆಗೆ ಆಗುತ್ತೆ."

ನಾನು ಮೆರವಣಿಗೆಯಿಂದ ಬಂದವಳು ಅಂತ ಚುಚ್ಚಿದ್ದು. ಹೌದು, ಬಂದವಳೇ. ನಾನೂ ಅಣ್ಣನೂ ಅಪ್ಪನ ಹೆಗಲ ಮೇಲೆ ಕೂತು ಘೋಷಣೆ ಕಲಿತವರು. ಅಕ್ಷರ ಆಮೇಲೆ ಬಂತು.

ಈ ಸಲದ ಜಗಳ ಬರಿ ಸಿದ್ಧಾಂತದ್ದಲ್ಲ. ಊರ ಹಿಂದಿನ ಬಿಸಿ ಇಳಿಜಾರಿನ ಮೇಲೆ ಒಂದು ಸ್ನಾನಗೃಹ ಕಂಪನಿಯ ಕಣ್ಣು ಬಿದ್ದಿದೆ. ಚಳಿಗಾಲದಲ್ಲಿ ಮನೆಯಲ್ಲಿ ಉರುವಲಿಲ್ಲದ ಮುದುಕ ಮುದುಕಿಯರು ಬೆನ್ನು ಕಾಯಿಸಿಕೊಳ್ಳುವ ಜಾಗ ಅದು. ಅದಕ್ಕೆ ಸಿಮೆಂಟು ಬಡಿದು, ಬೇಲಿ ಹಾಕಿ, ಬಿಸಿನೀರಿನ ತೊಟ್ಟಿ ಕಟ್ಟಿ, ಟಿಕೆಟ್ಟು ಹರಿಯುತ್ತಾರಂತೆ. ಬೆನ್ನಿನ ಲೆಕ್ಕ ಕಾನೂನಿಗೆ ಬೇಡ. ಬೇರೆಲ್ಲೂ ಇಲ್ಲದ ಗಿಡವೊಂದು ಅಲ್ಲಿದ್ದರೆ ಮಾತ್ರ ನೆಲ ಉಳಿಯುತ್ತದೆ. ಮಾರ್ಚ್ ಇಪ್ಪತ್ತಕ್ಕೆ ಸಮಿತಿಯ ವಿಚಾರಣೆ. ನಮ್ಮ ಹುಲ್ಲು ಇಲ್ಲೇ ಹುಟ್ಟಿದ ಬೇರೆಯೇ ಹುಲ್ಲು ಅಂತ ಅಷ್ಟರೊಳಗೆ ತೋರಿಸಬೇಕು.

ಒಬ್ಬಳೇ ತೋರಿಸುತ್ತೇನೆ. ಸಂಘ, ಸಮಿತಿ, ಸಹಾಯಕರು, ಎಲ್ಲ ನೋಡಿಯಾಯಿತು. ನಾಲ್ಕು ಜನ ಸೇರಿದರೆ ಮೊದಲು ಚಹಾ, ಆಮೇಲೆ ಭಿನ್ನಾಭಿಪ್ರಾಯ.

ಜನವರಿ 10

ಅತ್ತಿಗೆ ಬಂದಿದ್ದಾರೆ. ಒಂದು ಚೀಲ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ.

"ನಿಮ್ಮಣ್ಣನ್ನ ಬಿಟ್ಟು ಬಂದೆ ಕಣೇ," ಅಂದರು, ಹಾಲು ತಗೊಂಡು ಬಂದೆ ಅನ್ನುವ ದನಿಯಲ್ಲಿ.

"ಯಾಕೆ, ಏನಾಯ್ತು?"

"ಏನೂ ಆಗಲಿಲ್ಲ, ಅದಕ್ಕೇ. ಸಮಾನತೆ ಮೇಲೆ ಎರಡು ಗಂಟೆ ಭಾಷಣ ಮಾಡಿ ಮನೆಗೆ ಬಂದ್ರು. ಶೂ ಬಿಚ್ಚೋಕೂ ಕಾಲು ಮುಂದೆ ಚಾಚಿದ್ರು. ನಾನು ನೋಡಿದೆ. ಅವರೂ ನೋಡಿದ್ರು. ಯಂತ್ರ ಎತ್ಕೊಂಡೆ."

ನಗು ಬಂತು, ನುಂಗಿಕೊಂಡೆ. ಎಷ್ಟು ದಿನ ಇರುತ್ತಾರೋ. ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಯಂತ್ರದ ಸದ್ದಿಗೆ ಕೆಳಗಿನ ಮನೆಯವನು ಕೋಲಿನಿಂದ ಚಾವಣಿ ಕುಟ್ಟುತ್ತಾನೆ. ಬೇರೆ ದಾರಿಯಿಲ್ಲದೆ, ಹಗಲು ವಿಭಾಗದ ಗಾಜಿನ ಮನೆಯ ಮೂಲೆಯಲ್ಲಿ ಹೊಲಿದುಕೊಳ್ಳಿ ಅಂದೆ. ಒಂದೇ ಷರತ್ತು: ನನ್ನ ಕುಂಡಗಳನ್ನು ಮುಟ್ಟಬಾರದು.

"ನಿನ್ನ ಹುಲ್ಲು ಮುಟ್ಟಿ ನಾನೇನು ಮಾಡ್ಲಿ, ಮೇಯೋಕಾಗುತ್ತಾ?"

ಜನವರಿ 11

ಮರೆಯದಿರಲು ಬರೆದಿಡುತ್ತೇನೆ. ಚಳಿ ಶುರುವಾಗುವ ಮೊದಲೇ ಎರಡೂ ಹುಲ್ಲಿನ ಬೀಜ ಬಿತ್ತಿದ್ದೆ, ಇಳಿಜಾರಿನ ಬಿಸಿಹುಲ್ಲು ಮತ್ತು ಬುಡದ ಹುಲ್ಲು. ಒಂದೇ ಮಣ್ಣು, ಒಂದೇ ನೀರು, ಒಂದೇ ಉದ್ದನೆಯ ತಗಡಿನ ಮೇಜು. ಗಾಜಿನ ಮನೆಗೆ ಬೇಕೆಂದೇ ಕಾವು ಕೊಟ್ಟಿಲ್ಲ. ಇಳಿಜಾರಿನಲ್ಲಿ ಬಿಸಿಹುಲ್ಲು ಚಳಿ ಮುಗಿಯುವ ಮೊದಲೇ ತೆನೆ ಬಿಟ್ಟು, ಬೇಸಿಗೆಯ ಹೊತ್ತಿಗೆ ಬೀಜ ಉದುರಿಸಿ ಒಣಗಿಹೋಗುತ್ತದೆ. ಬೇಸಿಗೆಯಲ್ಲಿ ಆ ನೆಲ ಕೆಂಡ. ಬುಡದ ಹುಲ್ಲು ತೆನೆ ಬಿಡುವುದೇ ಬೇಸಿಗೆಯಲ್ಲಿ, ಅಂದರೆ ನಮ್ಮೂರಲ್ಲಿ ಜೂನ್. ಈಗ ತಂಪು ಮೇಜಿನ ಮೇಲೂ ಬಿಸಿಹುಲ್ಲು ಮೊದಲೇ ತೆನೆ ಬಿಟ್ಟರೆ, ಆ ಗುಣ ನೆಲದ ಕಾವಿನದ್ದಲ್ಲ, ಹುಲ್ಲಿನ ರಕ್ತದಲ್ಲೇ ಇದೆ ಅಂತ ಅರ್ಥ.

ಕುಂಡಗಳನ್ನು ಮೇಜಿನ ಈ ತುದಿಗೆ ಬಿಸಿಹುಲ್ಲು, ಆ ತುದಿಗೆ ಬುಡದ ಹುಲ್ಲು ಅಂತ ಎರಡು ಪಡೆ ಮಾಡಿ ನಿಲ್ಲಿಸಿದ್ದೇನೆ. ಹಕ್ಕಿಕಾಲು ಬಾಗಿಲಲ್ಲಿ ನಿಂತು, "ಬೆರೆಸಿಡಿ, ದಿನಾ ಅದಲು ಬದಲು ಮಾಡಿ," ಅಂದರು. ಅವರು ಹೇಳಿದರಲ್ಲ, ಅದಕ್ಕೇ ಮಾಡಲಿಲ್ಲ. ನನ್ನ ಕುಂಡ, ನನ್ನ ಸಾಲು.

ಜನವರಿ 19

ಹಾಡು. ಇಡೀ ದಿನ ಹಾಡು. ಸೂಜಿ ಪೋಣಿಸುವಾಗ ಮಾತ್ರ ನಿಲ್ಲುತ್ತದೆ. ಅತ್ತಿಗೆಗೆ ಇಡೀ ಹಾಡು ಒಂದೂ ಬರುವುದಿಲ್ಲ, ಎಲ್ಲದರದ್ದೂ ಮೊದಲ ಎರಡು ಸಾಲು.

ಮಧ್ಯಾಹ್ನ ಬಂದು ನೋಡಿದರೆ ಕುಂಡಗಳ ಸಾಲು ಕಲಸಿಹೋಗಿದೆ! ಕೂಗಾಡಿದೆ. "ಈ ಕಡೆಯವಕ್ಕೆ ಮಾತ್ರ ಬಿಸಿಲು, ಆ ಕಡೆಯವು ಬಾಗಿಲ ಗಾಳಿಗೆ ನಡುಗ್ತಿವೆ. ಪಂಕ್ತಿಭೇದ ಮಾಡಬಾರದು ಕಣೇ," ಅಂತಾರೆ. ನನಗೇ ಪಂಕ್ತಿಭೇದದ ಪಾಠ! ಮತ್ತೆ ಎರಡು ಪಡೆ ಮಾಡಿ ನಿಲ್ಲಿಸಿದೆ. ಇನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ.

ಜನವರಿ 30

ಬೆಳಗ್ಗೆಯೆಲ್ಲ ಇಳಿಜಾರಿನಲ್ಲಿದ್ದೆ. ಬಂಡೆಯ ಬಿರುಕಿನಿಂದ ಆವಿ ಏಳುತ್ತಿದೆ, ಸುತ್ತಲೂ ಅಂಗೈಯಷ್ಟೆತ್ತರದ ನಮ್ಮ ಹುಲ್ಲು. ಬುಡದಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದೆ, ಇಲ್ಲಿ ಹಸಿರು. ಒಬ್ಬ ಅಜ್ಜ ಚಾಪೆ ಹಾಸಿಕೊಂಡು ನಿದ್ದೆ ಹೊಡೆಯುತ್ತಿದ್ದ. ನನ್ನ ಬೂಟಿನ ಅಟ್ಟೆ ಮೆತ್ತಗಾಗಿ ಹೆಜ್ಜೆಗೊಮ್ಮೆ ಕಿತ್ತು ಬರುತ್ತಿತ್ತು. ಆ ಅಜ್ಜನ ಚಾಪೆಯ ಜಾಗದಲ್ಲಿ ಟಿಕೆಟ್ ಕಿಟಕಿ! ಬರಲಿ, ನೋಡುತ್ತೇನೆ.

ವಾಪಸು ಬಂದರೆ ಕುಂಡಗಳ ಕಂಠಕ್ಕೆಲ್ಲ ಬಣ್ಣದ ದಾರದ ತುಂಡುಗಳು. "ಬೋಳುಬೋಳಾಗಿದ್ವು ಪಾಪ," ಅಂದರು ಅತ್ತಿಗೆ. ಬಿಚ್ಚುವಷ್ಟು ತಾಳ್ಮೆ ಇಲ್ಲ. ಹಾಳಾಗಲಿ.

ಇನ್ನೊಂದು ವಿಚಿತ್ರ. ಹಕ್ಕಿಕಾಲು ಅಲ್ಲೇ ಸ್ಟೂಲಿನ ಮೇಲೆ ಅಂಗಿಯಲ್ಲಿ ಕೂತಿದ್ದರು. ಅವರ ಕೋಟು ಅತ್ತಿಗೆಯ ಮಡಿಲಲ್ಲಿ. ಗುಂಡಿ ಹಾಕಿಸಿಕೊಳ್ಳುವುದಕ್ಕೆ ಬಂದದ್ದಂತೆ. ನನ್ನ ಪಾಳೆಯದೊಳಗೇ!

ಫೆಬ್ರವರಿ 5

ಬಂತು! ದೂರದ ಪ್ರಯೋಗಾಲಯಕ್ಕೆ ಮೂರು ಹುಲ್ಲಿನ ಎಲೆ ಕಳಿಸಿದ್ದೆನಲ್ಲ, ನಮ್ಮ ಬಿಸಿಹುಲ್ಲು, ನಮ್ಮ ಬುಡದ ಹುಲ್ಲು, ಸಮುದ್ರದಾಚೆಯ ಬಿಸಿನೆಲದ ಹುಲ್ಲು, ಅವುಗಳ ಡಿಎನ್‌ಎ ಫಲಿತಾಂಶ. ನಮ್ಮ ಬಿಸಿಹುಲ್ಲಿನ ಹತ್ತಿರದ ನೆಂಟ ಬುಡದ ಹುಲ್ಲೇ. ಸಮುದ್ರದಾಚೆಯದು ಎಷ್ಟೋ ದೂರದ್ದು, ಅದರ ಹತ್ತಿರದ ನೆಂಟರು ಅದರ ಊರಲ್ಲೇ ಇರಬೇಕು. ಅಂದರೆ ಪ್ರತಿ ಬಿಸಿನೆಲವೂ ಪಕ್ಕದ ಮನೆಯ ಬಡ ಹುಲ್ಲನ್ನೇ ಕರೆದು, ಸುಟ್ಟು, ತಿದ್ದಿ, ತನ್ನದಾಗಿ ಮಾಡಿಕೊಂಡಿದೆ. ರಾಜವಂಶ ಗೋವಿಂದ!

ಕಾಗದ ಹಿಡಿದು ಹಕ್ಕಿಕಾಲಿನ ಕೋಣೆಗೆ ನುಗ್ಗಿದೆ. ಯುದ್ಧಕ್ಕೆ ಬೇಕಾದ ಮಾತೆಲ್ಲ ನಾಲಿಗೆಯ ತುದಿಯಲ್ಲಿ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಹಾಗಾದ್ರೆ ನಾನು ಇಷ್ಟು ದಿನ ಹೇಳಿದ್ದು ತಪ್ಪು," ಅಂದರು.

ಅಷ್ಟೇ! ಬಾಗಿಲು ಒದೆಯಲು ಕಾಲೆತ್ತಿದರೆ ಒಳಗಿನವನೇ ಚಿಲಕ ತೆಗೆದಂತಾಯಿತು.

"ಆದ್ರೆ ಇನ್ನೂ ಗೆದ್ದಿಲ್ಲ ನೀವು. ನೆಂಟ ಇಷ್ಟು ಹತ್ತಿರ ಅಂದ್ಮೇಲೆ ಕಂಪನಿಯವರು ಏನಂತಾರೆ ಹೇಳಿ? ಇದು ಬುಡದ ಹುಲ್ಲೇ, ಕಾಲು ಬೆಚ್ಚಗಿದೆ, ಅದಕ್ಕೆ ಬೇಗ ತೆನೆ ಬಿಡುತ್ತೆ. ಬೇರೆ ಹುಲ್ಲು ಎಲ್ಲಿಂದ ಬಂತು ಅಂತಾರೆ. ನಿಮ್ಮ ಕುಂಡಗಳು ಉತ್ತರ ಕೊಡಬೇಕು."

ಸರಿ. ಈಗ ಎಲ್ಲ ಮೇಜಿನ ಮೇಲಿದೆ. ಸಂಜೆ ಅತ್ತಿಗೆಗೆ ಹೇಳಿದೆ, ಹೇಳಲು ಬೇರೆ ಯಾರಿದ್ದಾರೆ.

"ಪಕ್ಕಪಕ್ಕದಲ್ಲೇ ಇದ್ಕೊಂಡು ಬೇರೆ ಹೇಗಾದ್ವು ಅವು?"

"ಒಂದು ತೆನೆ ಬಿಡೋ ಹೊತ್ತಿಗೆ ಇನ್ನೊಂದು ಮಲಗಿರುತ್ತೆ ಅತ್ತಿಗೆ. ಇದರ ಪರಾಗ ಅದಕ್ಕೆ ಸಿಗಲ್ಲ. ಹಾಗೇ ಕಾಲ ಹೋಗ್ತಾ ಹೋಗ್ತಾ ಸಂಬಂಧ ಕಡಿಯುತ್ತೆ."

ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿದರು. "ಗೊತ್ತು ಬಿಡು. ನಿಮ್ಮಣ್ಣ ಸಂಘದ ಸಭೆ ಮುಗಿಸಿ ಬರೋ ಹೊತ್ತಿಗೆ ನಾನು ಮಲಗಿರ್ತಿದ್ದೆ. ನಾನು ಏಳೋ ಹೊತ್ತಿಗೆ ಅವರು ಮಲಗಿರ್ತಿದ್ರು."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕೆಳಗಿನವನು ಚಾವಣಿ ಕುಟ್ಟಿದ.

ಫೆಬ್ರವರಿ 16

ಅಣ್ಣ ಬಂದಿದ್ದ. ಗಾಜಿನ ಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡರೆ ಮುಂದಿನದು ಚಿಕ್ಕದಿರುವುದಿಲ್ಲ.

"ನೋಡು, ಐತಿಹಾಸಿಕವಾಗಿ ನೋಡಿದ್ರೆ..."

"ಐತಿಹಾಸಿಕವಾಗಿ ಆ ಬಕೆಟ್ ಎತ್ಕೊಂಡು ಬನ್ನಿ," ಅಂದರು ಅತ್ತಿಗೆ.

ತಂದ. ಇನ್ನೊಂದು ತಂದ. ಮುಷ್ಕರದಲ್ಲಿ ಸಾವಿರ ಜನರನ್ನು ನಿಲ್ಲಿಸಿದವನು ಬಕೆಟ್ಟಿನ ನೀರು ಪ್ಯಾಂಟಿಗೆ ಚೆಲ್ಲಿಕೊಂಡು ನಿಂತಿದ್ದ. ನೋಡಿ ನನ್ನ ಜೀವ ತಂಪಾಯಿತು. ಹೋಗುವಾಗ ನನ್ನ ಕಿವಿಯಲ್ಲಿ, "ಬರ್ತಾಳೇನೇ?" ಅಂದ.

"ನನ್ನ ಕೇಳ್ಬೇಡ. ನೀರು ತರೋಕೆ ನೀನು ಬಾ," ಅಂದೆ.

ಫೆಬ್ರವರಿ 28

ತೆನೆ!

ಮೊದಲು ಒಂದು ಬಿಸಿಹುಲ್ಲಿನ ಕುಂಡದಲ್ಲಿ, ಎಲೆಯ ಕಂಕುಳಿನಿಂದ ಕೂದಲೆಳೆಯಷ್ಟು ತೆಳ್ಳಗೆ, ನಸುಗೆಂಪು. ಆಮೇಲೆ ಪಕ್ಕದ್ದರಲ್ಲಿ. ಅತ್ತಿಗೆಯನ್ನು ಕುರ್ಚಿ ಸಮೇತ ಎಳೆದು ತಂದು ತೋರಿಸಿದೆ.

"ಇಷ್ಟೇನಾ? ಇದಕ್ಕಾ ಇಷ್ಟು ದಿನ ಊಟ ಬಿಟ್ಟಿದ್ದು?"

"ಇಷ್ಟೇ ಅತ್ತಿಗೆ."

ಬಗ್ಗಿ ನೋಡಿದರು. "ಚೆನ್ನಾಗಿದೆ ಕಣೇ. ಒಳ್ಳೆ ಜರಿ ಎಳೆ ಇದ್ದ ಹಾಗಿದೆ." ಎರಡು ಸಾಲು ಹಾಡಿದರು. ಇವತ್ತು ಮೂರನೆಯ ಸಾಲೂ ಬಂತು, ಅದು ನನಗೆ ಗೊತ್ತಿದ್ದರಿಂದ ನಾನೇ ಎತ್ತಿಕೊಟ್ಟೆ.

ಮಾರ್ಚ್ 8

ಬಿಸಿಹುಲ್ಲು ಎಲ್ಲ ಕುಂಡಗಳಲ್ಲೂ ತೆನೆ ಬಿಟ್ಟಿದೆ. ಬುಡದ ಹುಲ್ಲು ಬರಿ ಎಲೆ. ವಿಚಾರಣೆ ಬರಲಿ.

ಮಾರ್ಚ್ 13

ಎಲ್ಲ ಮುಗಿಯಿತು.

ಇಳಿಜಾರಿಗೆ ಹೋದವಳು ಮಳೆ ಬಂದು ಬೇಗ ವಾಪಸು ಬಂದೆ. ಅತ್ತಿಗೆ ನನ್ನ ತಗಡಿನ ಮೇಜಿನ ತುದಿಯಲ್ಲಿ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತಿದ್ದರು. ಪಕ್ಕದಲ್ಲಿ ಗಿರಾಕಿಗಳಿಗೆ ಹೊಲಿದು ಮಡಚಿದ ಪ್ಯಾಂಟುಗಳ ಗುಡ್ಡ. ನಾನು ಮೇಜಿನ ಮೇಲೆ ಕೈಯೂರಿದೆ. ಬೆಚ್ಚಗಿತ್ತು. ಅಂಗೈ ಸರಿಸುತ್ತ ಸರಿಸುತ್ತ ಹೋದೆ. ಇಸ್ತ್ರಿಯ ಕಾವು ತಗಡಿನಲ್ಲಿ ಹರಿದು ಕುಂಡಗಳ ಅಡಿಗೆ ಹೋಗಿದೆ. ಬಿಸಿಹುಲ್ಲಿನ ತುದಿಗೆ! ನನ್ನ ತಂಪು ಮೇಜಿನ ಮೇಲೆ ಇನ್ನೊಂದು ಬಿಸಿನೆಲ ಮಾಡಿ ಕೂರಿಸಿದ್ದಾರೆ, ಬಂದ ಲಾಗಾಯ್ತಿನಿಂದ!

ಏನೇನಂದೆನೋ ನೆನಪಿಲ್ಲ. ಅಣ್ಣನ ಮೇಲಿನದ್ದು, ಕಂಪನಿಯ ಮೇಲಿನದ್ದು, ಲೋಕದ ಮೇಲಿನದ್ದೆಲ್ಲ ಅವರ ಮೇಲೆ ಸುರಿದೆ. "ಎತ್ಕೊಂಡು ಹೋಗಿ ನಿಮ್ಮ ಪೆಟ್ಟಿಗೆ," ಅಂದದ್ದು ಮಾತ್ರ ನೆನಪಿದೆ. ಅತ್ತಿಗೆ ಇಸ್ತ್ರಿಯ ವೈರು ಸುತ್ತಿಕೊಂಡು ಹೋದರು.

ಬೇಗ ತೆನೆ ಬಂದದ್ದು ಬಿಸಿಯಿಂದಲೇ ಅಂತ ಕಂಪನಿಯವರು ಅಂದರೆ ನನ್ನ ಬಾಯಿ ಬಂದ್. ಯಾರಿಗೂ ಹೇಳದಿದ್ದರೆ? ನೋಡಿದವಳು ನಾನೊಬ್ಬಳೇ. ಆ ಅಜ್ಜನ ಚಾಪೆ ಉಳಿಯುತ್ತದೆ. ಅರ್ಧ ಗಂಟೆ ಹಾಗೇ ಯೋಚಿಸಿದೆ. ಆಗಲ್ಲ. ಕಂಪನಿಯವರು ಸುಳ್ಳು ಹೇಳುತ್ತಾರೆ ಅಂತ ಬೀದಿಯಲ್ಲಿ ಕೂಗಿದ ಬಾಯಿ ಇದು.

ಮಾರ್ಚ್ 14

ಬೆಳಗ್ಗೆ ಹಕ್ಕಿಕಾಲು ಮೇಷ್ಟ್ರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪ್ರಯೋಗ ಕೆಟ್ಟಿದೆ, ನಮ್ಮತ್ತಿಗೆ ಇಸ್ತ್ರಿ ಮಾಡಿದ್ದಾರೆ, ತಪ್ಪು ನನ್ನದು.

ಅವರು ನಕ್ಕರು! ನನಗೆ ಮೈ ಉರಿದುಹೋಯಿತು.

"ಇಸ್ತ್ರಿ ನಾನು ಜನವರೀಲೇ ನೋಡಿದ್ದೆ. ಗುಂಡಿ ಹಾಕಿಸ್ಕೊಳ್ಳೋಕೆ ಹೋದಾಗ ಮೇಜಿನ ಮೇಲೆ ಕೈಯಿಟ್ಟೆ."

"ನೋಡಿ ಸುಮ್ಮನಿದ್ರಾ?"

"ನಿಮಗೆ ಹೇಳಿದ್ರೆ ಕೇಳ್ತಿದ್ರಾ? ಕುಂಡ ಬೆರೆಸಿಡಿ ಅಂದದ್ದಕ್ಕೇ ಕಣ್ಣು ಬಿಟ್ಟಿರಿ. ಅದಕ್ಕೆ ನಿಮ್ಮತ್ತಿಗೆ ಹತ್ರ ಕೈ ಮುಗಿದು ಕೇಳ್ಕೊಂಡೆ. ಇಸ್ತ್ರಿ ಮಾಡೋದಾದ್ರೆ ಮಾಡಿ ತಾಯಿ, ಆದ್ರೆ ಎರಡೂ ಹುಲ್ಲು ಸರಿಸಮ ಬೆಚ್ಚಗಾಗ್ಲಿ, ದಿನಾ ಅದಲು ಬದಲು ಮಾಡಿ ಅಂದೆ. ಅವರು, ಮಾಡ್ತಾನೇ ಇದ್ದೀನಿ, ಅವಳು ಬರೋ ಮೊದಲು ವಾಪಸು ಜೋಡಿಸ್ತೀನಿ, ಲೆಕ್ಕಕ್ಕೆ ದಾರ ಕಟ್ತೀನಿ ಅಂದ್ರು."

ಗಾಜಿನ ಮನೆಗೆ ಓಡಿದೆ. ದಾರದ ತುಂಡುಗಳು! ಆಯಾ ದಿನ ಯಾವ ಕುಂಡಕ್ಕೆ ಇಸ್ತ್ರಿಯ ಪಕ್ಕದ ಜಾಗ ಸಿಕ್ಕಿತೋ ಅದಕ್ಕೊಂದು ದಾರ. ಯಾರಿಗೂ ಕಡಿಮೆಯಾಗಬಾರದೆಂದು ಕಟ್ಟಿದ್ದು. ಎಣಿಸಿದೆ. ಬಿಸಿಹುಲ್ಲಿಗೆಷ್ಟೋ ಬುಡದ ಹುಲ್ಲಿಗೂ ಅಷ್ಟೇ. ನಿನ್ನೆ ನಾನು ಕಂಡದ್ದು ಬಿಸಿಹುಲ್ಲಿನ ಸರದಿ. ಬುಡದ ಹುಲ್ಲೂ ನನ್ನ ಬೆನ್ನ ಹಿಂದೆ ಕಾಲು ಬೆಚ್ಚಗೆ ಮಾಡಿಕೊಂಡಿದೆ, ಆದರೂ ಒಂದು ತೆನೆ ಬಿಟ್ಟಿಲ್ಲ! ಕಾಲು ಬೆಚ್ಚಗಾದ ಮಾತ್ರಕ್ಕೆ ಅದು ಬಿಸಿಹುಲ್ಲಾಗುವುದಿಲ್ಲ. ನನ್ನ ಪ್ರಯೋಗಕ್ಕಿಂತ ಇದು ಗಟ್ಟಿ. ನನ್ನ ಎರಡು ಪಡೆಗಳು ಹಾಗೇ ನಿಂತಿದ್ದರೆ ಕಂಪನಿಯ ವಕೀಲ ನನ್ನನ್ನು ಹಸಿಯಾಗಿ ತಿನ್ನುತ್ತಿದ್ದ.

ಕೋಣೆಯಲ್ಲಿ ಅತ್ತಿಗೆಯ ಚೀಲ ಇರಲಿಲ್ಲ. ಅತ್ತಿಗೆ ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು, ಯಂತ್ರ ಕಾಲ ಬಳಿ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಯಂತ್ರ ಎತ್ತಿಕೊಂಡು ನಡೆದೆ. ಏನು ಭಾರ ಅದು!

"ಏ ಕೆಂಡಮ್ಮ, ನನ್ನ ಯಂತ್ರ!" ಅಂತ ಹಿಂದೆ ಬಂದರು.

"ಮಾತು ಕೊಟ್ಟು ಕುಂಡ ಮುಟ್ಟಿದ್ರಿ."

"ಮುಟ್ಟಿದೆ. ಏನೀಗ?"

"ಏನಿಲ್ಲ. ನಡೀರಿ, ಊಟ ಮಾಡೋಣ."

ಮಾರ್ಚ್ 20

ವಿಚಾರಣೆ. ಹಿಂದಿನ ಸಾಲಿನಲ್ಲಿ ಇಳಿಜಾರಿನ ಅಜ್ಜ ಅಜ್ಜಿಯರು, ಅವರ ನಡುವೆ ಅಣ್ಣ, ಅತ್ತಿಗೆ. ಅಣ್ಣನ ಬಾಯಿಗೆ ಅತ್ತಿಗೆ ಕಾವಲು.

ವಕೀಲ ಎದ್ದು, "ಇದು ಹುಲ್ಲು ತಾನೇ?" ಅಂದ, ಸಭೆ ನಗಲಿ ಅಂತ.

"ಹೌದು, ಹುಲ್ಲೇ. ನಿಮ್ಮ ಕಂಪನಿ ಹುಟ್ಟೋ ಮೊದಲೇ ಸುಡೋ ನೆಲದ ಮೇಲೆ ನಿಂತು ಕಲಿತ ಹುಲ್ಲು. ಲೋಕದಲ್ಲಿ ಇದೊಂದೇ ಕಡೆ ಇದೆ," ಅಂದೆ. ನಂತರ ಅವನು ಕೇಳುವ ಮೊದಲೇ ಇಸ್ತ್ರಿಯ ಕಥೆ ಹೇಳಿದೆ, ದಾರ ಕಟ್ಟಿದ ಕುಂಡಗಳನ್ನು ಮೇಜಿನ ಮೇಲಿಟ್ಟೆ. ಸಭೆ ನಕ್ಕಿತು, ಆದರೆ ವಕೀಲ ನಗಿಸಲು ಹೊರಟ ನಗು ಅದಲ್ಲ. ಅಧ್ಯಕ್ಷೆ ಒಂದೊಂದು ಕುಂಡವನ್ನೂ ತಿರುಗಿಸಿ ತಿರುಗಿಸಿ ನೋಡಿದರು.

ಮೇಷ್ಟ್ರು ಎದ್ದರು. ಕೋಟಿನ ಗುಂಡಿಗಳೆಲ್ಲ ಸರಿಯಾಗಿದ್ದವು. "ಈ ಹುಲ್ಲು ಹೊರಗಿಂದ ಬಂತು ಅಂತ ಬರೆದವನು ನಾನು. ಕಂಪನಿಯವರು ನನ್ನ ಪುಸ್ತಕವನ್ನೇ ಸಾಕ್ಷಿ ಮಾಡಿದ್ದಾರೆ. ಆ ಪುಸ್ತಕ ತಪ್ಪು. ಈ ಹುಡುಗಿ ಸರಿ," ಅಂದು ಕೂತರು. ಅಷ್ಟು ಚಿಕ್ಕ ಭಾಷಣವನ್ನು ನಮ್ಮಣ್ಣ ಹುಟ್ಟಿದಾಗಿನಿಂದ ಕೇಳಿರಲಾರ.

ಇಳಿಜಾರು ಉಳಿಯಿತು! ಸಿಮೆಂಟು ಬೀಳುವಂತಿಲ್ಲ, ಬೇಲಿ ಏಳುವಂತಿಲ್ಲ. ಅಜ್ಜ ನನ್ನ ಕೈ ಹಿಡಿದು, "ನಾನು ದಿನಾ ಮಲಗ್ತಿದ್ದದ್ದು ಇಷ್ಟು ದೊಡ್ಡ ಮನುಷ್ಯರ ಪಕ್ಕದಲ್ಲಾ?" ಅಂದ, ಹುಲ್ಲನ್ನು ತೋರಿಸಿ.

ಆಮೇಲೆ ನಾವೆಲ್ಲ ಚಹಾಕ್ಕೆ ಹೋದೆವು. ಭಿನ್ನಾಭಿಪ್ರಾಯವೂ ಬಂತು, ಯಾರು ದುಡ್ಡು ಕೊಡುವುದು ಅಂತ.

ಮಾರ್ಚ್ 24

ಹೊಸ ಹುಲ್ಲಿಗೆ ಹೆಸರಿಡಬೇಕು. ಜನವರಿಯಲ್ಲಿ ನನ್ನದೇ ಹೆಸರು ಅಂದುಕೊಂಡಿದ್ದೆ. "ನಿಮ್ಮ ಹೆಸರಿಡ್ತೀನಿ ಅತ್ತಿಗೆ," ಅಂದೆ.

"ಥೂ, ಹುಲ್ಲಿಗೆ ನನ್ನ ಹೆಸರಾ? ಊರೋರೆಲ್ಲ ಅದರ ಮೇಲೆ ಮಲಗ್ತಾರೆ!"

ಮೇಷ್ಟ್ರಿಗೆ ಹೇಳಿದೆ. ಇಟ್ಟುಬಿಡಿ, ಅವರಿಗೆ ಆಮೇಲೆ ಹೇಳೋಣ ಅಂದರು.

ಜೂನ್ 19

ತುಂಬಾ ದಿನವಾಯಿತು ಬರೆದು. ಪುರುಸೊತ್ತಿಲ್ಲ. ಅತ್ತಿಗೆ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಹಾಕಿದ್ದಾರೆ. ಅಣ್ಣ ಪ್ರತಿ ಭಾನುವಾರ ಬಂದು ಇಸ್ತ್ರಿ ಮಾಡುತ್ತಾನೆ. ಒಂದು ಕಾಲರ್ ಸುಟ್ಟಿದ್ದಾನೆ, ಭಾಷಣ ಮಾಡಿಲ್ಲ. ಅತ್ತಿಗೆ ವಾಪಸು ಹೋಗುತ್ತೇನೆ ಅಂದಿಲ್ಲ, ಹೋಗುವುದಿಲ್ಲ ಅಂತಲೂ ಅಂದಿಲ್ಲ. ದೊಡ್ಡ ಕೋಣೆ ಹುಡುಕುತ್ತಿದ್ದೇವೆ.

ಇವತ್ತು ಬುಡದ ಹುಲ್ಲು ತೆನೆ ಬಿಟ್ಟಿತು. ಬಿಸಿಹುಲ್ಲು ಬೀಜ ಉದುರಿಸಿ ಯಾವಾಗಲೋ ಒಣಗಿ ಹೋಗಿದೆ. ಬರಿ ಒಣ ಕಡ್ಡಿ, ಕಂಠಕ್ಕೆ ದಾರ.

ಪ್ರಯೋಗ ಮುಗಿದು ಮೂರು ತಿಂಗಳು. ಗಾಜಿನ ಮನೆಯಲ್ಲಿ ಈಗ ಇಸ್ತ್ರಿ ಇಲ್ಲ, ಮೇಜು ತಣ್ಣಗಿದೆ. ಬೆಳಗ್ಗೆ ಹೋಗಿ ಬಾಗಿಲ ಹತ್ತಿರದ ಕುಂಡಗಳನ್ನು ಬಿಸಿಲಿಗೂ ಬಿಸಿಲಿನವನ್ನು ಬಾಗಿಲಿಗೂ ಇಟ್ಟು ಬಂದೆ. ನಿನ್ನೆಯೂ ಇಟ್ಟಿದ್ದೆ. ಹೇಗೂ ಆ ಕಡೆಯೇ ಹೋಗುತ್ತೇನಲ್ಲ. ಜೇಬಿನಲ್ಲಿ ಒಂದೆರಡು ದಾರದ ತುಂಡುಗಳಿದ್ದವು, ಕಟ್ಟಿದೆ.